ಆರಿಂಚು ಮೆಟ್ಟಿಲಿಗೆ ಆರಡಿ ರ‍್ಯಾಂಪ್

ಬೆಂಗಳೂರಿನ ಹಳೇ ಬಡಾವಣೆಗಳ ಅಂಗಡಿ ಸಾಲುಗಳಲ್ಲಿ ರ‍್ಯಾಂಪ್‌ಗೇನೂ ಬರ ಇಲ್ಲ. ಆದರೆ ಬಹುಪಾಲು ಸ್ಕೂಟರ್ ಒಳಗೆ ಹತ್ತಿಸೋಕೆ ಕಟ್ಟಿದ್ದು. ಗಾಡಿಗೆ ಎರಡಡಿ ಉದ್ದ ಸಾಕು, ಸ್ಟಾರ್ಟ್ ಮಾಡಿ ಏರಿಸಿಬಿಡಬಹುದು. ಅದೇ ಇಳಿಜಾರಿನಲ್ಲಿ ವೀಲ್‌ಚೇರ್ ಹತ್ತಿಸಿದರೆ ಮುಂದಿನ ಪುಟ್ಟ ಚಕ್ರಗಳು ನೆಲ ಬಿಟ್ಟೇಳುತ್ತವೆ, ಕುರ್ಚಿ ಹಿಂದಕ್ಕೆ ಮಗುಚುತ್ತೆ.

ಲೆಕ್ಕ ಸುಲಭ: ಒಂದಿಂಚು ಎತ್ತರಕ್ಕೆ ಒಂದಡಿ ಉದ್ದ. ತಪ್ಪೋದು ಎತ್ತರ ಅಳೆಯೋದರಲ್ಲಿ. ಮೇಸ್ತ್ರಿ ಮೆಟ್ಟಿಲ ಬುಡದಲ್ಲಿ ಟೇಪ್ ಹಿಡಿದು ಆರಿಂಚು ಅಂತಾನೆ. ಆದರೆ ರ‍್ಯಾಂಪ್ ಮುಗಿಯೋದು ಆರಡಿ ಆಚೆ, ಅಲ್ಲಿ ನೆಲ ಇನ್ನೂ ಒಂದಿಂಚು ಇಳಿದಿರುತ್ತೆ. ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರು ತುಂಬಿದ ಕೊಳವೆ) ಹಿಡಿದು, ಅಂಗಡಿಯ ನೆಲಕ್ಕೂ ರ‍್ಯಾಂಪ್ ಮುಗಿಯೋ ಜಾಗಕ್ಕೂ ಇರುವ ವ್ಯತ್ಯಾಸ ನೋಡಬೇಕು.

ಅಷ್ಟು ಜಾಗ ಇಲ್ಲದಿದ್ದರೆ ಫುಟ್‌ಪಾತ್ ಮೇಲೆ ಚಾಚೋದು ಬೇಡವೇ ಬೇಡ. ಒಬ್ಬರಿಗೆ ದಾರಿ ಮಾಡಲು ಹೋಗಿ ಕೋಲು ಹಿಡಿದು ಬರೋ ಕುರುಡರನ್ನ ರಸ್ತೆಗೆ ಇಳಿಸಿದ ಹಾಗಾಗುತ್ತೆ. ಅಂಗಡಿಯ ಮುಂಗೋಡೆಗೆ ಒತ್ತಿಕೊಂಡು ಅಡ್ಡಕ್ಕೆ ಕಟ್ಟಿ. ತಿರುಗೋ ಜಾಗದಲ್ಲಿ ಐದಡಿ ಚೌಕದ ಸಮತಟ್ಟು ಬಿಡಬೇಕು. ‘ನಮ್ಮ ಸ್ವಂತ ಅಂಗಡಿ, ಕಟ್ಟಲೇಬೇಕು ಅಂತಿದೆಯಾ?’ ಅನ್ನೋರಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಜನ ಬಂದುಹೋಗುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ.

ಆರಡಿ ಉದ್ದ, ನಾಲ್ಕಡಿ ಅಗಲ, ಆರಿಂಚು ಎತ್ತರದ ರ‍್ಯಾಂಪ್‌ಗೆ ಸುಮಾರು ಏಳು ಘನ ಅಡಿ ಕಾಂಕ್ರೀಟ್ ಬೇಕು. ಎರಡು ಮೂಟೆ ಸಿಮೆಂಟ್ ತರಿಸಿದರೆ ಸ್ವಲ್ಪ ಉಳಿಯುತ್ತೆ. ಒಂದು ಪಾಲು ಸಿಮೆಂಟ್‌ಗೆ ಒಂದೂವರೆ ಪಾಲು ಎಂ-ಸ್ಯಾಂಡ್, ಮೂರು ಪಾಲು ಅರ್ಧ ಇಂಚಿನ ಜಲ್ಲಿ. ಮೊದಲು ಹಳೇ ನೆಲ ಕೊಚ್ಚಿ, ತೊಳೆದು, ಸಿಮೆಂಟ್ ಹಾಲು (ನೀರಲ್ಲಿ ಕದಡಿದ ಸಿಮೆಂಟ್) ಬಳಿಯಬೇಕು.

ಮೊದಲು ಹಾಳಾಗೋದು ಕೆಳತುದಿ. ಕಾಂಕ್ರೀಟನ್ನ ತೆಳ್ಳಗೆ ಎಳೆದು ಸೊನ್ನೆಗೆ ತಂದರೆ ಆ ಅಂಚು ಹಪ್ಪಳದ ಥರ ಮುರಿಯುತ್ತೆ. ಅಲ್ಲಿ ಉಳಿಯೋ ಅರ್ಧ ಇಂಚಿನ ಅಂಚಿಗೇ ಚಕ್ರ ಸಿಕ್ಕಿಹಾಕಿಕೊಳ್ಳುತ್ತೆ. ಕೊನೇ ಒಂದಡಿಯಲ್ಲಿ ನೆಲವನ್ನ ಎರಡಿಂಚು ಅಗೆದು, ಕಾಂಕ್ರೀಟ್ ಅದರೊಳಗಿಂದ ಎದ್ದು ಬರೋ ಹಾಗೆ ಹಾಕಿಸಿ. ಮಳೆನೀರು ಹರಿಯೋ ದಾರಿಗೆ ಅಡ್ಡ ಬಂದರೆ ಅಡಿಯಲ್ಲೊಂದು ಪಿವಿಸಿ ಪೈಪ್ ಹೂತಿಡಿ, ಇಲ್ಲದಿದ್ದರೆ ಪಕ್ಕದಂಗಡಿಯವರ ಜೊತೆ ಜಗಳ ಗ್ಯಾರಂಟಿ.

ಮೇಲೆ ನುಣ್ಣಗೆ ಕರಣೆ ಎಳೆಸಬೇಡಿ, ಪಾಲಿಶ್ ಗ್ರಾನೈಟ್ ಅಂತೂ ಬೇಡ. ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಡ್ಡ ಗೀರಿದರೆ ಹಿಡಿತ ಸಿಗುತ್ತೆ. ಗೋಣಿಚೀಲ ಹೊದಿಸಿ ಏಳು ದಿನ ನೀರುಣಿಸಿ. ತೆರೆದ ಅಂಚುಗಳಲ್ಲಿ ಮೂರಿಂಚಿನ ಕಟ್ಟೆ ಇದ್ದರೆ ಚಕ್ರ ಜಾರಿ ಬೀಳಲ್ಲ.

ಇಷ್ಟೆಲ್ಲ ಆದ ಮೇಲೆ ರ‍್ಯಾಂಪ್ ಬುಡದಲ್ಲಿ ಯಾರೋ ಆಕ್ಟಿವಾ ನಿಲ್ಲಿಸಿ ಹೋಗಿರುತ್ತಾರೆ. ಕಂಬ ನೆಟ್ಟು ತಡೆಯೋಣ ಅಂದರೆ ವೀಲ್‌ಚೇರ್‌ಗೆ ಕಂಬಗಳ ನಡುವೆ ಮೂರಡಿ ಬೇಕು, ಮೂರಡಿಯಲ್ಲಿ ಸ್ಕೂಟರೂ ಆರಾಮಾಗಿ ನುಗ್ಗುತ್ತೆ. ನೆಲಕ್ಕೆ ಹಳದಿ ಪಟ್ಟೆ ಬಳಿದು, ಗಲ್ಲಾದಲ್ಲಿ ಕೂತವರು ಗದರುತ್ತಿರಬೇಕು, ಅಷ್ಟೇ.

ಕಟ್ಟೋಕೆ ಸಾಧ್ಯವೇ ಇಲ್ಲದ ಕಡೆ ಎತ್ತಿಡೋ ರ‍್ಯಾಂಪ್ ಮಾಡಿಸಬಹುದು. ಆರಡಿಗೆ ಮೂರಡಿಯ ಕಬ್ಬಿಣದ ಚೆಕರ್ಡ್ ಶೀಟ್ (ಜಾರದಂತೆ ಉಬ್ಬುಗೆರೆ ಇರೋ ತಗಡು) ಮೂರು ಮಿಲಿಮೀಟರ್ ದಪ್ಪದ್ದೇ ನಲವತ್ತು ಕೆಜಿ ದಾಟುತ್ತೆ. ಒಬ್ಬರಿಗೆ ಎತ್ತೋಕಾಗದೆ ಗೋಡೆಗೊರಗಿ ತುಕ್ಕು ಹಿಡಿಯುತ್ತೆ. ಅಲ್ಯೂಮಿನಿಯಂ ಆದರೆ ತೂಕ ಮೂರನೇ ಒಂದು ಭಾಗ. ಬಾಗದಂತೆ ಕೆಳಗಡೆ ಉದ್ದಕ್ಕೂ ಆ್ಯಂಗಲ್ (ಎಲ್ ಆಕಾರದ ಪಟ್ಟಿ) ಕೊಡಿಸಿ. ಜೊತೆಗೆ ಮೆಟ್ಟಿಲ ಪಕ್ಕದಲ್ಲಿ, ಕೂತವರ ಕೈಗೆಟಕುವಂತೆ ಮೂರಡಿ ಎತ್ತರಕ್ಕೊಂದು ಕಾಲಿಂಗ್ ಬೆಲ್ ಹಾಕಿಸಿ. ಅದರ ಮೇಲೆ ‘ರ‍್ಯಾಂಪ್ ಬೇಕಾದರೆ ಒತ್ತಿ’ ಅಂತ ದಪ್ಪ ಅಕ್ಷರದಲ್ಲಿ ಬರೆಸಿ.