ನೆಟ್‌ಬುಕ್‌ಗೆ ಡಾಂಗಲ್ ಜೋಡಿಸುವಾಗ

ಡೆಬಿಯನ್ ಲಿನಕ್ಸ್ ಹಾಕಿಕೊಂಡಿರುವ ನನ್ನ ನೆಟ್‌ಬುಕ್‌ನಲ್ಲಿ ಅಂತರಜಾಲಕ್ಕಾಗಿ ಹುವಾವೇ ಇ1550 ಎಂಬ 3ಜಿ ಡಾಂಗಲ್ (ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಮೋಡೆಮ್) ಬಳಸುತ್ತೇನೆ. ಇಂಥವನ್ನು ಲಿನಕ್ಸ್ ಗುರುತಿಸುವುದಿಲ್ಲ ಎಂಬ ದೂರು ಆಗಾಗ ಕೇಳಿಬರುತ್ತದೆಯಾದರೂ, ತೊಡಕಿನ ಮೂಲ ಇರುವುದು ಡಾಂಗಲ್‌ನ ಎರಡು ವೇಷಗಳಲ್ಲಿ. ಸಿಕ್ಕಿಸಿದ ಕೂಡಲೇ ಅದು ಮೋಡೆಮ್ ಆಗಿ ಅಲ್ಲ, ವಿಂಡೋಸ್‌ಗೆ ಬೇಕಾದ ಡ್ರೈವರ್‌ಗಳನ್ನು ಹೊತ್ತ ಸಿಡಿ ಡ್ರೈವ್ ಆಗಿ ಕಾಣಿಸಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಆದೇಶ ಕೊಟ್ಟರೆ ಆ ಹಂತದಲ್ಲಿ 12ಡಿ1:1446 ಎಂಬ ಗುರುತು ಸಂಖ್ಯೆ ಸಿಗುತ್ತದೆ. ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶವು ನಿಗದಿತ ಸಂದೇಶವೊಂದನ್ನು ಕಳುಹಿಸಿದ ಮೇಲೆ ಡಾಂಗಲ್ ಒಮ್ಮೆ ಸಂಪರ್ಕ ಕಡಿದುಕೊಂಡು, 12ಡಿ1:1001 ಎಂಬ ಹೊಸ ಸಂಖ್ಯೆಯೊಂದಿಗೆ ಮೋಡೆಮ್ ಆಗಿ ಮರಳುತ್ತದೆ. ಆಗ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ‘ಆಪ್ಷನ್’ ಡ್ರೈವರ್, ಮೋಡೆಮ್ ಜೊತೆ ಮಾತಾಡಲು ಬೇಕಾದ ಟಿಟಿವೈಯುಎಸ್‌ಬಿ0 ಮೊದಲಾದ ಸೀರಿಯಲ್ ಪೋರ್ಟ್‌ಗಳನ್ನು ಒದಗಿಸುತ್ತದೆ. ಮೋಡ್‌ಸ್ವಿಚ್ ತಂತ್ರಾಂಶವನ್ನು ಇಳಿಸಿಕೊಳ್ಳುವುದಕ್ಕೂ ಅಂತರಜಾಲವೇ ಬೇಕೆಂಬುದು ವಿಚಿತ್ರ. ಬೇರೊಂದು ಕಂಪ್ಯೂಟರ್‌ನಿಂದ ಪೆನ್‌ಡ್ರೈವ್‌ನಲ್ಲಿ ತರುವುದು ಸುಲಭ.

ಉಳಿದದ್ದನ್ನು ಸಂಪರ್ಕಗಳನ್ನು ನಿರ್ವಹಿಸುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಮೊಬೈಲ್ ಬ್ರಾಡ್‌ಬ್ಯಾಂಡ್ ಆಯ್ಕೆಯಲ್ಲಿ ದೇಶ, ಕಂಪನಿ ಮತ್ತು ಎಪಿಎನ್ (ಕಂಪನಿಯ ಜಾಲದಿಂದ ಅಂತರಜಾಲಕ್ಕೆ ಹೋಗುವ ಬಾಗಿಲಿನ ಹೆಸರು) ತುಂಬಿದರೆ ಸಾಕು. ನಮ್ಮ ಕಡೆಯ ಬಿಎಸ್‌ಎನ್‌ಎಲ್ ಸಿಮ್‌ಗೆ ಎಪಿಎನ್ ‘ಬಿಎಸ್‌ಎನ್‌ಎಲ್‌ನೆಟ್’ (bsnlnet), ಡಯಲ್ ಮಾಡಬೇಕಾದ ಸಂಖ್ಯೆ *99#.

ಇಷ್ಟಾದರೂ ಸಂಪರ್ಕ ಪದೇ ಪದೇ ಕಡಿಯುತ್ತಿದ್ದರೆ ತಂತ್ರಾಂಶವನ್ನು ಕೆದಕುವ ಮೊದಲು ವಿದ್ಯುತ್ತಿನ ಕಡೆ ಗಮನ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ ಕೊಡುವುದು 500 ಮಿಲಿಆಂಪಿಯರ್ ಮಾತ್ರ, ಸಿಗ್ನಲ್ ಕ್ಷೀಣವಾದಷ್ಟೂ ಡಾಂಗಲ್ ಹೆಚ್ಚು ವಿದ್ಯುತ್ ಎಳೆಯುತ್ತದೆ. ಹೀಗಾಗಿ ಮೋಟು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಕಿಟಕಿಯ ಬಳಿ ಇಡುವುದು ಒಳ್ಳೆಯದು.