ಮ್ಯಾಕ್‌ಬೆತ್ ಯಾವಾಗ ‘ನೀನು’ ಅಂತಾನೆ?

ಇಂಗ್ಲೆಂಡಿನ ಮಕ್ಕಳಿಗೆ ನಾನು ಶೇಕ್ಸ್‌ಪಿಯರ್ ಪಾಠ ಮಾಡ್ತೀನಿ ಅಂದರೆ ಊರಲ್ಲಿ ನಗುತ್ತಾರೆ. “ಅವರ ಭಾಷೆ ಅವರಿಗೇ ನೀನು ಹೇಳಿಕೊಡ್ತೀಯೇನೇ?” ಅಂತ ಸೋದರತ್ತೆ ಫೋನಿನಲ್ಲಿ ಕೇಳಿದ್ದರು. ತಪ್ಪೇನಿಲ್ಲ ಬಿಡಿ, ಮೊದಲ ವರ್ಷ ನನಗೂ ಅದೇ ಅಳುಕಿತ್ತು.

ನಾನಿರುವುದು ಲೀಡ್ಸ್‌ನಲ್ಲಿ. ಒಂದು ಸರ್ಕಾರಿ ಸೆಕೆಂಡರಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಇಲ್ಲಿನ ಮಕ್ಕಳು ಹದಿನಾರರ ಹೊತ್ತಿಗೆ ಜಿಸಿಎಸ್‌ಇ ಪರೀಕ್ಷೆ ಬರೆಯುತ್ತಾರೆ, ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಸಾಹಿತ್ಯದಲ್ಲಿ ಶೇಕ್ಸ್‌ಪಿಯರ್‌ನ ಒಂದು ನಾಟಕ ಇರಲೇಬೇಕು. ನಮ್ಮದು ಮ್ಯಾಕ್‌ಬೆತ್, ದೊರೆಯನ್ನು ಕೊಂದು ಪಟ್ಟಕ್ಕೇರುವ ಸೇನಾಪತಿಯ ಕಥೆ. ಪ್ರಶ್ನೆಪತ್ರಿಕೆಯಲ್ಲಿ ಒಂದು ತುಣುಕು ಕೊಟ್ಟಿರುತ್ತಾರೆ, ಅದನ್ನು ಹಿಡಿದು ಇಡೀ ನಾಟಕದ ಬಗ್ಗೆ ಬರೆಯಬೇಕು. ಪುಸ್ತಕ ಒಳಗೆ ಒಯ್ಯುವ ಹಾಗಿಲ್ಲ. ಹಾಗಾಗಿ ಸಾಲುಗಳೆಲ್ಲ ಬಾಯಿಪಾಠ.

ನನ್ನ ಮೊದಲ ಪಾಠ ನೆನೆದರೆ ಈಗಲೂ ಮುಜುಗರ. ಸ್ಲೈಡ್ ಮೇಲೆ ಸ್ಲೈಡ್. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. ಮಾಟಗಾತಿಯರ ಬಗ್ಗೆ ಅವನೇ ಒಂದು ಪುಸ್ತಕ ಬರೆದಿದ್ದ. 1605ರಲ್ಲಿ ಪಾರ್ಲಿಮೆಂಟಿನ ಅಡಿಯಲ್ಲಿ ಮದ್ದಿಟ್ಟು ಅವನನ್ನು ಉಡಾಯಿಸಲು ಸಂಚು ನಡೆಯಿತು. ಅದರ ಮರುವರ್ಷದ ಹೊತ್ತಿಗೆ ಈ ನಾಟಕ. ಎಲ್ಲ ನಿಜವೇ, ಎಲ್ಲ ಬೇಕಾದ್ದೇ. ಅರ್ಧ ಗಂಟೆ ಆದಮೇಲೆ ಒಬ್ಬ ಕೈ ಎತ್ತಿದ. “ಮಿಸ್, ಇದು ಹಿಸ್ಟರಿ ಕ್ಲಾಸಾ?” ಇಲ್ಲಿ ಟೀಚರ್ ಹೆಸರು ಏನೇ ಇರಲಿ, ಮಕ್ಕಳ ಬಾಯಲ್ಲಿ ಹೆಂಗಸರೆಲ್ಲ ‘ಮಿಸ್’, ಗಂಡಸರೆಲ್ಲ ‘ಸರ್’.

ಉತ್ತರಗಳು ಹೇಗೆ ಬರುತ್ತಿದ್ದವು ಗೊತ್ತಾ? “ಮ್ಯಾಕ್‌ಬೆತ್‌ನ ಹಮಾರ್ಟಿಯಾ ಅವನ ಮಹತ್ವಾಕಾಂಕ್ಷೆ. ಇದನ್ನು ನೋಡಿ ಅಂದಿನ ಪ್ರೇಕ್ಷಕರಿಗೆ ಆಘಾತವಾಗಿರುತ್ತದೆ.” ಮೂವತ್ತು ಪೇಪರ್, ಮೂವತ್ತರಲ್ಲೂ ಅದೇ ಆಘಾತ. ಪಾಪ, ಆ ಪ್ರೇಕ್ಷಕರು ನಾಟಕದ ಉದ್ದಕ್ಕೂ ಬೆಚ್ಚುತ್ತಲೇ ಇರಬೇಕು. ಹಮಾರ್ಟಿಯಾ ಅರಿಸ್ಟಾಟಲ್ ಬಳಸಿದ ಗ್ರೀಕ್ ಪದ. ಬಿಟ್ಟ ಬಾಣ ಗುರಿ ತಪ್ಪಿತು ಅಂತಾರಲ್ಲ, ಆ ತಪ್ಪುವಿಕೆ. ಮಕ್ಕಳು ಅದನ್ನು ಒಂದು ಕಾಯಿಲೆಯ ಹೆಸರಿನ ಹಾಗೆ ಬಳಸುತ್ತಿದ್ದರು. ಕಾಯಿಲೆಗೆ ಹೆಸರು ಸಿಕ್ಕಿತು, ಇನ್ನು ರೋಗಿಯನ್ನು ನೋಡುವ ಗೋಜು ಯಾಕೆ?

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಮೊದಲ ಅಂಕದ ಏಳನೇ ದೃಶ್ಯ. ದೊರೆ ಡಂಕನ್ ಮ್ಯಾಕ್‌ಬೆತ್‌ನ ಮನೆಗೇ ಅತಿಥಿಯಾಗಿ ಬಂದು ಊಟಕ್ಕೆ ಕೂತಿದ್ದಾನೆ. ಮ್ಯಾಕ್‌ಬೆತ್ ಮಧ್ಯದಲ್ಲೇ ಎದ್ದು ಬಂದು, ಕೊಲೆ ಬೇಡ, ಈ ವಿಷಯ ಇಲ್ಲಿಗೇ ಬಿಡೋಣ ಅಂತಾನೆ. ಹೆಂಡತಿ ತಿರುಗಿಬೀಳುತ್ತಾಳೆ. ಇದನ್ನು ಗಟ್ಟಿಯಾಗಿ ಓದುತ್ತಿದ್ದೆ. ‘ಯು’ ಅಂತ ಶುರುಮಾಡಿದವಳು ಕೆಲವೇ ಸಾಲು ದಾಟುವಷ್ಟರಲ್ಲಿ ‘ದೌ’ಗೆ ಇಳಿಯುತ್ತಾಳೆ. ನನ್ನ ಕಿವಿಗೆ ಏನೋ ಚುರುಕ್ ಅಂದಿತು. ಅರೆ, ಇವಳು ಗಂಡನಿಗೆ ಏಕವಚನ ಹಾಕಿಬಿಟ್ಟಳಲ್ಲ!

ಮಕ್ಕಳಿಗೆ ಅದು ಕೇಳಿಸಿರಲೇ ಇಲ್ಲ. ಹೇಗೆ ಕೇಳಿಸೀತು? ಇವತ್ತಿನ ಇಂಗ್ಲಿಷಿನಲ್ಲಿ ನಾಯಿಗೂ ‘ಯು’, ರಾಣಿಗೂ ‘ಯು’. ದೌ, ದೀ, ದೈ, ಅಂದರೆ ನೀನು, ನಿನ್ನನ್ನು, ನಿನ್ನ, ಎಲ್ಲ ಅವರ ಪಾಲಿಗೆ ಸುಮ್ನೆ ಹಳೇ ಕಾಲದ ಅಲಂಕಾರ. ಅವತ್ತು ಪಾಠ ಅಲ್ಲಿಗೇ ಬಿಟ್ಟು ನಮ್ಮ ಅಜ್ಜಿಯ ಕಥೆ ಹೇಳಿದೆ. ಅಜ್ಜಿ ತಾತನಿಗೆ ಜೀವಮಾನವಿಡೀ ‘ನೀವು’ ಅನ್ನುತ್ತಿದ್ದರು. ಒಂದೇ ಒಂದು ಸಲ, ಜಮೀನಿನ ಜಗಳದಲ್ಲಿ, “ನೀನೂ ಒಬ್ಬ ಗಂಡಸಾ?” ಅಂದುಬಿಟ್ಟರು. ಹೊಡೆತ ಬಿದ್ದದ್ದು ‘ಗಂಡಸಾ’ ಅನ್ನುವುದಕ್ಕಿಂತ ಜಾಸ್ತಿ ‘ನೀನೂ’ ಅನ್ನುವುದರಲ್ಲಿ. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೂಡ ನಿಂತುಹೋಯಿತಂತೆ.

ತರಗತಿಯಲ್ಲಿ ಮೊದಲು ನಕ್ಕಿದ್ದು ಪಂಜಾಬಿ ಮನೆಯ ಹುಡುಗಿ. “ಮಿಸ್, ನಮ್ಮಲ್ಲೂ ‘ತೂ’ ಮತ್ತೆ ‘ತುಸೀ’ ಇದೆ.” ಉರ್ದು ಮಾತಾಡುವ ಹುಡುಗ, ನಮ್ಮಲ್ಲಿ ಮೂರಿದೆ ಅಂತ ಜಂಬ ಕೊಚ್ಚಿದ. ಇಷ್ಟು ದಿನ ತುಟಿ ಬಿಚ್ಚದೆ ಕೂತಿದ್ದ ಪೋಲೆಂಡಿನ ಹುಡುಗಿಯೊಬ್ಬಳು, ಅವರಲ್ಲಿ ಅಪರಿಚಿತ ಹಿರಿಯರಿಗೆ ‘ತಿ’ ಅಂದರೆ ಬೈಸಿಕೊಳ್ಳೋದು ಗ್ಯಾರಂಟಿ ಅಂದಳು. ಮನೆಯಲ್ಲಿ ಇಂಗ್ಲಿಷ್ ಒಂದೇ ಇರುವ ಮಕ್ಕಳು ಆವತ್ತು ಸ್ವಲ್ಪ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಮತ್ತೆ ಅದೇ ದೃಶ್ಯ ಓದಿದೆವು. ಹೇಡಿ ಅಂತ ಹಂಗಿಸುವಾಗ ದೌ. ಚುಚ್ಚಿ ಮುಗಿದ ಮೇಲೆ, ಈ ಮಾತು ನನ್ನ ಹತ್ತಿರ ಎತ್ತಿದ್ದು ನೀವೇ ತಾನೆ ಅಂತ ಕೇಳುವಾಗ ವಾಪಸ್ ಯು. ಮುಂದಿನ ವಾರಕ್ಕೆ ಒಂದೇ ಕೆಲಸ ಕೊಟ್ಟೆ. ಯಾರು ಯಾರಿಗೆ, ಎಲ್ಲಿ ದೌ ಅಂತಾರೆ, ಹುಡುಕಿಕೊಂಡು ಬನ್ನಿ. ಯಾಕೆ ಅಂತ ನಿಮ್ಮ ಮಾತಿನಲ್ಲಿ ಬರೆಯಿರಿ. ಹಮಾರ್ಟಿಯಾ ಪದಕ್ಕೆ ಒಂದು ವಾರ ರಜೆ.

ಹಿಸ್ಟರಿ ಕ್ಲಾಸಾ ಅಂತ ಕೇಳಿದ್ದನಲ್ಲ, ಆ ಹುಡುಗನೇ ಮೊದಲು ತಂದ. ಮ್ಯಾಕ್‌ಬೆತ್ ಆಮೇಲೆ ಕೊಲ್ಲಿಸುವ ಗೆಳೆಯ ಬ್ಯಾಂಕೋ. ಅವನು ಬದುಕಿದ್ದಾಗ ಮ್ಯಾಕ್‌ಬೆತ್ ಅವನಿಗೆ ಯು ಅಂತಾನೆ. ಈ ಮಧ್ಯಾಹ್ನ ಕುದುರೆ ಹತ್ತಿ ಹೊರಡ್ತೀರಾ, ಮಗನೂ ಜೊತೆಗೆ ಬರ್ತಾನಾ ಅಂತ ಎಷ್ಟು ಮರ್ಯಾದೆಯಿಂದ ವಿಚಾರಿಸುತ್ತಾನೆ. ಅದೇ ರಾತ್ರಿ ಔತಣದಲ್ಲಿ ಬ್ಯಾಂಕೋನ ಪ್ರೇತ ಬಂದು ಕೂತಾಗ ದೌ. “ಸತ್ತ ಮೇಲೆ ಮರ್ಯಾದೆ ಹೋಯ್ತು ಮಿಸ್.”

“ಸತ್ತ ಮೇಲಲ್ಲ.” ಪೋಲೆಂಡಿನ ಹುಡುಗಿ ಪುಟ ಹಿಂದಕ್ಕೆ ತಿರುಗಿಸುತ್ತಿದ್ದಳು. ಬ್ಯಾಂಕೋನನ್ನು ಮುಗಿಸುವ ಕೆಲಸ ಕೊಲೆಗಡುಕರಿಗೆ ಒಪ್ಪಿಸಿ ಕಳಿಸಿದ ಕೂಡಲೇ ಮ್ಯಾಕ್‌ಬೆತ್ ಒಬ್ಬನೇ ಎರಡು ಸಾಲು ಹೇಳುತ್ತಾನೆ: ತೀರ್ಮಾನವಾಯಿತು ಬ್ಯಾಂಕೋ, ನಿನ್ನ ಆತ್ಮಕ್ಕೆ ಸ್ವರ್ಗ ಸಿಗುವುದಿದ್ದರೆ ಇವತ್ತು ರಾತ್ರಿಯೇ ಸಿಗಬೇಕು. ಅಲ್ಲಿ ‘ದೈ’ ಇದೆ. ಬ್ಯಾಂಕೋ ಇನ್ನೂ ಕುದುರೆಯ ಮೇಲಿದ್ದಾನೆ.

ನಾನು ಟೀಚರ್ ಅಲ್ವಾ, ಬ್ರೇಕ್ ಹಾಕಲೇಬೇಕು. ಎದುರಿಗಿಲ್ಲದವರನ್ನು, ದೇವರನ್ನು, ದೆವ್ವವನ್ನು ಆ ಕಾಲದಲ್ಲಿ ಸಾಮಾನ್ಯವಾಗಿ ದೌ ಅಂತಲೇ ಕರೆಯುತ್ತಿದ್ದರು, ಇದೊಂದನ್ನೇ ಇಟ್ಟುಕೊಂಡು ಜಾಸ್ತಿ ಎಳೆಯಬೇಡ ಅಂದೆ. ಅವಳು ಒಪ್ಪಲಿಲ್ಲ. ಅದೇ ದೃಶ್ಯದಲ್ಲಿ ಸ್ವಲ್ಪ ಮೊದಲು ಮ್ಯಾಕ್‌ಬೆತ್ ಒಬ್ಬನೇ ಇದ್ದಾಗ ಬ್ಯಾಂಕೋನ ಬಗ್ಗೆ ‘ಅವನು’ ಅಂತ ಯೋಚಿಸುತ್ತಾನೆ, ‘ನೀನು’ ಅಂತ ಅಲ್ಲ ಅಂದಳು. ಆಮೇಲೆ ಎರಡನೇ ಅಂಕ ತೆಗೆದು ಬೆರಳಿಟ್ಟಳು. ಕೊಲ್ಲಲು ಹೊರಟಾಗ ಗಂಟೆ ಬಾರಿಸುತ್ತದೆ. ಡಂಕನ್, ಇದನ್ನು ಕೇಳಬೇಡ, ಇದು ನಿನ್ನನ್ನು ಸ್ವರ್ಗಕ್ಕೋ ನರಕಕ್ಕೋ ಕರೆಯುವ ಗಂಟೆ. ‘ದೀ’. ಎದುರಿಗೆ ‘ಯುವರ್ ಹೈನೆಸ್’ ಅಂತಿದ್ದ ದೊರೆಗೆ. ದೊರೆ ಪಕ್ಕದ ಕೋಣೆಯಲ್ಲಿ ಜೀವಂತ ಮಲಗಿದ್ದಾನೆ.

ನನ್ನ ಪುಸ್ತಕದಲ್ಲಿ ಆ ಸಾಲಿನ ಪಕ್ಕ ‘ಗಂಟೆ = ಸಾವು’ ಅಂತ ಎಂದೋ ಬರೆದುಕೊಂಡಿದ್ದೆ. ಅದರ ಕೆಳಗೆ ಪೆನ್ಸಿಲ್‌ನಲ್ಲಿ, ಕನ್ನಡದಲ್ಲೇ, ‘ಏಕವಚನ’ ಅಂತ ಸೇರಿಸಿದೆ. ಅವಳು ಬಗ್ಗಿ ನೋಡಿ, ಇದನ್ನು ಹೇಗೆ ಓದೋದು ಮಿಸ್ ಅಂದಳು.