ಸುಧಾರಣೆ ಸಾಕೋ, ಕ್ರಾಂತಿ ಬೇಕೋ ಅಂತ ಕೇಳುವವರಿಗೆ

"ನೀವು ಸಮಾಜವಾದಿ ಅಂತೀರಲ್ಲ, ಹಾಗಂದ್ರೆ ಏನು? ಎಲ್ಲವೂ ಸರ್ಕಾರದ್ದೇ ಆಗಬೇಕು ಅಂತಾನಾ?" ಇದು ಮೊದಲ ಪ್ರಶ್ನೆ. ಅದಕ್ಕೆ ಏನೋ ಒಂದು ಹೇಳಿ ಮುಗಿಸುವಷ್ಟರಲ್ಲಿ ಎರಡನೆಯದು ಬರುತ್ತದೆ. "ಹಾಗಾದ್ರೆ ಸಂಬಳ ಜಾಸ್ತಿ ಮಾಡಿ, ರಜೆ ಕೊಡಿ, ಪಿಂಚಣಿ ಕೊಡಿ ಅಂತ ಹೋರಾಡೋದೆಲ್ಲ ಯಾಕೆ? ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗಲ್ವಾ?"

ಕೇಳುವವರಲ್ಲಿ ಎರಡು ಥರದವರಿದ್ದಾರೆ. ಸಮಾಜವಾದ ಅಂದ ಕೂಡಲೇ ಮೂಗು ಮುರಿಯುವವರು ಒಂದು ಕಡೆ. ಕ್ರಾಂತಿಗಿಂತ ಕಡಿಮೆ ಯಾವುದಕ್ಕೂ ಒಪ್ಪದ, ನನಗಿಂತ ದೊಡ್ಡ ಸಮಾಜವಾದಿಗಳು ಇನ್ನೊಂದು ಕಡೆ. ಮಜಾ ಏನೆಂದರೆ ಇಬ್ಬರದೂ ಒಂದೇ ಪ್ರಶ್ನೆ. ನಿಂತ ಕಾಲಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ನಾಳೆ ಯಾವ ಪಾಳಿ ಅನ್ನುವುದು ಗೊತ್ತಾಗುತ್ತಿದ್ದದ್ದು ಇವತ್ತು ರಾತ್ರಿ ಒಂಬತ್ತರ ಮೇಲೆ. ಫೋನಿಗೆ ಮೆಸೇಜ್ ಬರುತ್ತಿತ್ತು. ಬೆಳಿಗ್ಗೆ ಆರಕ್ಕೋ, ಮಧ್ಯಾಹ್ನ ಎರಡಕ್ಕೋ? ಮಗುವನ್ನು ಯಾರ ಹತ್ತಿರ ಬಿಡುವುದು, ಅಮ್ಮನನ್ನು ಆಸ್ಪತ್ರೆಗೆ ಯಾವಾಗ ಕರೆದುಕೊಂಡು ಹೋಗುವುದು, ಎಲ್ಲಾ ಆ ಮೆಸೇಜಿನ ಮೇಲೆ ನಿಂತಿತ್ತು. ಕಳಿಸುತ್ತಿದ್ದವರು ಕೆಟ್ಟವರೇನಲ್ಲ. ಕಷ್ಟ ಹೇಳಿಕೊಂಡರೆ ಕೆಲವು ಸಲ ಬದಲಾಯಿಸಿಯೂ ಕೊಡುತ್ತಿದ್ದರು. ಆದರೆ ಹೇಳಿಕೊಳ್ಳಬೇಕಿತ್ತು. ನಲವತ್ತು ಜನರ ನಾಳೆಯನ್ನು ಒಬ್ಬರು ತೀರ್ಮಾನ ಮಾಡುತ್ತಿದ್ದರು. ದೇಶ ಯಾರು ಆಳಬೇಕು ಅಂತ ವೋಟು ಹಾಕುವ ನಲವತ್ತು ಜನಕ್ಕೆ, ತಾವು ಎಷ್ಟು ಹೊತ್ತಿಗೆ ಏಳಬೇಕು ಅನ್ನುವುದರಲ್ಲಿ ಮಾತಿರಲಿಲ್ಲ.

ನನ್ನ ಮಟ್ಟಿಗೆ ಸಮಾಜವಾದ ಇಲ್ಲಿಂದಲೇ ಶುರು. ದುಡಿಮೆ ಎಲ್ಲರದ್ದು, ತೀರ್ಮಾನ ಮಾತ್ರ ಬಂಡವಾಳ ಇರುವವರದ್ದು ಅನ್ನುವ ಏರ್ಪಾಡನ್ನು ಒಪ್ಪದಿರುವುದು. ಏನು ತಯಾರಾಗಬೇಕು, ಎಷ್ಟು ಹೊತ್ತು ದುಡಿಯಬೇಕು, ಬಂದ ಲಾಭ ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ದುಡಿಯುವವರ ಮಾತು, ಅದನ್ನು ನೆಚ್ಚಿಕೊಂಡು ಬದುಕುವವರ ಮಾತು ನಡೆಯಬೇಕು. ಕಾರ್ಖಾನೆ, ಗಣಿ, ಬ್ಯಾಂಕಿನಂಥವು ಕೆಲವರ ಖಾಸಗಿ ಆಸ್ತಿಯಾಗಿರುವಾಗ ಅದು ಆಗುವುದಿಲ್ಲ. ಅದಕ್ಕೇ ಒಡೆತನದ ಪ್ರಶ್ನೆ ಬರುತ್ತದೆ. ನಿಮ್ಮ ಮನೆ, ನಿಮ್ಮ ಬೈಕು, ನಿಮ್ಮ ಹಲ್ಲುಜ್ಜುವ ಬ್ರಷ್ಷು ಯಾರಿಗೂ ಬೇಡ, ಗಾಬರಿ ಆಗಬೇಡಿ.

ಒಡೆತನ ಅಂದರೆ ಸರ್ಕಾರದ ಒಡೆತನವಾ? ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಕಥೆಗಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಅಲ್ಲಿನ ಲೇಬರ್ ಸರ್ಕಾರ 1947ರ ಜನವರಿ 1ರಂದು ಗಣಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಗಣಿಗಳ ಮುಂದೆ ಬಾವುಟ ಹಾರಿತು, ಫಲಕ ಎದ್ದಿತು. ಇನ್ನು ಮೇಲೆ ಈ ಗಣಿಯನ್ನು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ ಜನರ ಪರವಾಗಿ ನಡೆಸುತ್ತದೆ ಅಂತ ಅದರಲ್ಲಿ ಬರೆದಿತ್ತು. ಎಷ್ಟೋ ತಲೆಮಾರಿನ ಗಣಿ ಕೆಲಸಗಾರರು ಬೇಡಿದ್ದು ಇದನ್ನೇ. ಅನುಕೂಲವೂ ಆಯಿತು. ಅದೇ ವರ್ಷ ವಾರಕ್ಕೆ ಐದು ದಿನದ ಕೆಲಸ ಬಂತು. ಆದರೆ ಫಲಕ ದಾಟಿ ಒಳಗೆ ಹೋದರೆ ಕೂತಿದ್ದವರು ಬಹುಪಾಲು ಹಳೇ ಮ್ಯಾನೇಜರುಗಳೇ. ಮಂಡಳಿಯ ಮೊದಲ ಅಧ್ಯಕ್ಷ ಲಾರ್ಡ್ ಹಿಂಡ್ಲಿ ಸ್ವತಃ ದೊಡ್ಡದೊಂದು ಕಲ್ಲಿದ್ದಲು ಕಂಪನಿಯಿಂದ ಬಂದವರು. ಹಳೇ ಮಾಲೀಕರಿಗೆ ಪರಿಹಾರ ಸಿಕ್ಕಿತು. ಕೆಲಸಗಾರನಿಗೆ ಕೆಲಸದ ಬಗ್ಗೆ ತೀರ್ಮಾನಿಸುವ ಹಕ್ಕು ಸಿಗಲಿಲ್ಲ. ಮೂವತ್ತೇಳು ವರ್ಷ ಬಿಟ್ಟು, 1984ರ ಮಾರ್ಚಿನಲ್ಲಿ, ಅದೇ ಮಂಡಳಿ ಗಣಿ ಮುಚ್ಚಲು ಹೊರಟಿತು. ಕೆಲಸಗಾರರು ಸುಮಾರು ಒಂದು ವರ್ಷ ಮುಷ್ಕರ ಹೂಡಿದರು, ಸೋತರು. ಕಾಗದದ ಮೇಲೆ ಗಣಿ ಅಷ್ಟೂ ವರ್ಷ ಜನರದ್ದೇ ಆಗಿತ್ತು.

ಹಾಗಂತ ರಾಷ್ಟ್ರೀಕರಣ ದಂಡ ಅಂತ ನಾನು ಹೇಳುತ್ತಿಲ್ಲ. ಪತ್ರದಲ್ಲಿ ಮಾಲೀಕನ ಹೆಸರು ಬದಲಾದರೆ ಸಾಲದು ಅಂತ ಹೇಳುತ್ತಿದ್ದೇನೆ.

ಈಗ ತೇಪೆಯ ವಿಷಯ. ತೇಪೆ ಅನ್ನುವವರಿಗೆ ನಾನು ಹೇಳುವುದು ಇಂಗ್ಲೆಂಡಿನ ಹತ್ತು ಗಂಟೆ ಕಾನೂನಿನ ಕಥೆ. ಬಟ್ಟೆ ಗಿರಣಿಗಳಲ್ಲಿ ಹೆಂಗಸರು, ಹುಡುಗರು ದಿನಕ್ಕೆ ಹತ್ತು ಗಂಟೆಗಿಂತ ಜಾಸ್ತಿ ದುಡಿಯಬಾರದು ಅನ್ನುವ ಕಾನೂನು 1847ರಲ್ಲಿ ಬಂತು. ಅದಕ್ಕೆ ಹತ್ತು ವರ್ಷ ಮುಂಚೆ ನಸ್ಸಾವ್ ಸೀನಿಯರ್ ಅನ್ನುವ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ, ಗಿರಣಿಯ ನಿವ್ವಳ ಲಾಭವೆಲ್ಲ ಹುಟ್ಟುವುದು ದಿನದ ಕೊನೆಯ ಒಂದು ಗಂಟೆಯಲ್ಲಿ, ಅದನ್ನು ಕಿತ್ತುಕೊಂಡರೆ ಉದ್ಯಮ ಮುಳುಗಿತು ಅಂತ ವಾದಿಸಿದ್ದರು. ಇವತ್ತಿಗೂ ಯಾವ ಸುಧಾರಣೆಯ ಮಾತೆತ್ತಿದರೂ ಆ ಕೊನೇ ಗಂಟೆಯ ಲೆಕ್ಕ ಬೇರೆ ಬೇರೆ ವೇಷದಲ್ಲಿ ಎದುರು ಬರುತ್ತದೆ. ಉದ್ಯಮ ಮುಳುಗಲಿಲ್ಲ, ಬಿಡಿ.

ಆದರೆ ಮಾಲೀಕರು ಸುಮ್ನಿರಲಿಲ್ಲ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಎಂಟೂವರೆಯ ನಡುವೆ ಯಾವಾಗ ಬೇಕಾದರೂ ಕೆಲಸ ಮಾಡಿಸಬಹುದು ಅಂತ ಹಳೇ ಕಾನೂನಿನಲ್ಲಿತ್ತು. ಅದನ್ನೇ ಹಿಡಿದುಕೊಂಡರು. ಹುಡುಗನೊಬ್ಬನನ್ನು ಬೆಳಿಗ್ಗೆ ಒಂದಿಷ್ಟು ಹೊತ್ತು ಯಂತ್ರದ ಮುಂದೆ ನಿಲ್ಲಿಸಿ, ಹೊರಗೆ ಕಳಿಸಿ, ಮತ್ತೆ ಕರೆಸಿ, ಮತ್ತೆ ಕಳಿಸುವುದು. ಕೂಡಿಸಿದರೆ ಹತ್ತೇ ಗಂಟೆ. ಹುಡುಗನ ಪಾಲಿಗೆ ಹದಿನೈದು ಗಂಟೆ ಗಿರಣಿಗೇ ಹೋಯಿತು. ಯಾರು ಎಷ್ಟು ಹೊತ್ತು ದುಡಿದರು ಅಂತ ತಪಾಸಣೆಗೆ ಬಂದ ಇನ್ಸ್‌ಪೆಕ್ಟರಿಗೂ ಪತ್ತೆ ಆಗುವಂತಿರಲಿಲ್ಲ. 1850ರಲ್ಲಿ ಕೋರ್ಟು ಇದೆಲ್ಲ ಸರಿ ಅಂದುಬಿಟ್ಟಿತು. ಗಲಾಟೆ ಎದ್ದಿತು. ಅದೇ ವರ್ಷ ಹೊಸ ಕಾನೂನು ಬಂದು ಬೆಳಿಗ್ಗೆ ಆರರಿಂದ ಸಂಜೆ ಆರು, ನಡುವೆ ಒಂದೂವರೆ ಗಂಟೆ ಬಿಡುವು, ಶನಿವಾರ ಮಧ್ಯಾಹ್ನ ಎರಡಕ್ಕೆ ಗಿರಣಿ ಬಂದ್ ಅಂತ ಗೆರೆ ಎಳೆಯಿತು. ಬದಲಿಗೆ ಉಳಿದ ದಿನ ಅರ್ಧ ಗಂಟೆ ಜಾಸ್ತಿ ದುಡಿಯಬೇಕಾಯಿತು. ಕೆಲಸಗಾರರು ಗೆದ್ದದ್ದರಲ್ಲೂ ಮಾಲೀಕರು ಒಂದು ಚೂರು ಕಚ್ಚಿಕೊಂಡೇ ಹೋದರು.

ಕ್ರಾಂತಿಯ ಮಾತಾಡುತ್ತಿದ್ದ ಮಾರ್ಕ್ಸ್ ಈ ಕಾನೂನನ್ನು ತೇಪೆ ಅನ್ನಲಿಲ್ಲ. 1864ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಕ್ಕಾಗಿ ಬರೆದ ಭಾಷಣದಲ್ಲಿ, ಇದರಿಂದ ಅನುಕೂಲವಾದದ್ದಷ್ಟೇ ಅಲ್ಲ, ಒಂದು ತತ್ವವೇ ಗೆದ್ದಿತು ಎಂದರು. ದುಡಿಮೆಯ ಹೊತ್ತನ್ನು ಮಾರುಕಟ್ಟೆ ತೀರ್ಮಾನಿಸಬೇಕಿಲ್ಲ, ಸಮಾಜ ತೀರ್ಮಾನಿಸಬಹುದು ಅನ್ನುವುದು ಆ ತತ್ವ. ನನಗೆ ಇನ್ನೂ ಮುಖ್ಯ ಅನ್ನಿಸುವುದು ಬೇರೆ. ಸಂಜೆ ಆರಕ್ಕೆ ಹೊರಗೆ ಬಂದವನಿಗೆ ಓದಲು, ಸಭೆಗೆ ಹೋಗಲು, ಇನ್ನೊಬ್ಬನ ಜೊತೆ ಕೂತು ಮಾತಾಡಲು ಹೊತ್ತು ಸಿಗುತ್ತದೆ. ಗೆದ್ದ ಒಂದು ಗಂಟೆ ಮುಂದಿನ ಗಂಟೆಯನ್ನು ಗೆಲ್ಲಲು ಕೆಲಸಕ್ಕೆ ಬರುತ್ತದೆ.

ಜರ್ಮನಿಯದ್ದು ತಿರುವುಮುರುವು ಕಥೆ. ಅಲ್ಲಿ ಸುಧಾರಣೆ ತಂದವರು ಸಮಾಜವಾದಿಗಳ ವೈರಿಯಾಗಿದ್ದ ಚಾನ್ಸಲರ್ ಬಿಸ್ಮಾರ್ಕ್. 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸಿದರು. ಅದರ ಬೆನ್ನಿಗೇ 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಪಿಂಚಣಿ. ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈಯಲ್ಲಿ ಬೆಲ್ಲ. ಪಿಂಚಣಿ ಎಪ್ಪತ್ತು ವರ್ಷ ಆದ ಮೇಲೆ. ಎಪ್ಪತ್ತರವರೆಗೆ ಬದುಕುವ ಕೆಲಸಗಾರರು ಆಗ ಎಷ್ಟು ಜನ ಇದ್ದಾರು! ಆದರೆ ಕಾಯಿಲೆ ವಿಮೆಯಲ್ಲಿ ಒಂದು ಸಣ್ಣ ಅಂಶವಿತ್ತು. ವಂತಿಗೆಯಲ್ಲಿ ಮೂರನೇ ಎರಡು ಭಾಗ ಕೆಲಸಗಾರರದ್ದು, ಒಂದು ಭಾಗ ಮಾಲೀಕರದ್ದು. ಅದೇ ಲೆಕ್ಕದಲ್ಲಿ ವಿಮಾ ನಿಧಿಯ ಆಡಳಿತದ ಕುರ್ಚಿಗಳೂ. ಸಮಾಜವಾದಿಗಳು ಮೊದಮೊದಲು ಇದನ್ನು ಬೆಲ್ಲವೆಂದೇ ದೂರ ಇಟ್ಟರು. ಆಮೇಲೆ ಒಳಗೆ ಹೋಗಿ ಕೂತರು. ಲೆಕ್ಕ ಇಡುವುದು, ಡಾಕ್ಟರುಗಳ ಜೊತೆ ಚೌಕಾಸಿ ಮಾಡುವುದು, ಸಾವಿರಾರು ಜನರ ದುಡ್ಡು ನಿಭಾಯಿಸುವುದನ್ನೆಲ್ಲ ಕಲಿತರು. ಅವರನ್ನು ಮುಗಿಸಲು ಮಾಡಿದ ಏರ್ಪಾಡೇ ಅವರ ಪಾಠಶಾಲೆ ಆಯಿತು. 1890ರ ಚುನಾವಣೆಯಲ್ಲಿ ನಿಷೇಧದ ನಡುವೆಯೂ ಬೇರೆ ಯಾವ ಪಕ್ಷಕ್ಕಿಂತಲೂ ಜಾಸ್ತಿ ವೋಟು ಅವರಿಗೇ ಬಿತ್ತು.

ಅದಕ್ಕೇ ಒಂದು ಸುಧಾರಣೆಯನ್ನು ಯಾರು ಕೊಟ್ಟರು, ಯಾಕೆ ಕೊಟ್ಟರು ಅನ್ನುವುದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಅದು ಬಂದ ಮೇಲೆ ಕುರ್ಚಿಯಲ್ಲಿ ಯಾರು ಕೂತರು, ಮತ್ತೆ ಕೇಳುವ ತಾಕತ್ತು ಯಾರಿಗೆ ಜಾಸ್ತಿ ಆಯಿತು ಅಂತ ನೋಡುತ್ತೇನೆ.

ಇದೇ ಜರ್ಮನಿಯಲ್ಲಿ ಸುಧಾರಣೆ ಮತ್ತು ಕ್ರಾಂತಿಯ ದೊಡ್ಡ ಜಗಳವೂ ನಡೆದದ್ದು. 1898ರಲ್ಲಿ ಅಲ್ಲಿನ ಸಮಾಜವಾದಿ ಪಕ್ಷದ ಚಿಂತಕ ಎಡ್ವರ್ಡ್ ಬರ್ನ್‌ಸ್ಟೈನ್, ಕೊನೆಯ ಗುರಿ ಅನ್ನುವುದು ನನಗೆ ಏನೂ ಅಲ್ಲ, ಚಳವಳಿಯೇ ಎಲ್ಲ ಎಂದರು. ಬಂಡವಾಳಶಾಹಿ ತಾನಾಗಿ ಕುಸಿಯುವ ಲಕ್ಷಣ ಕಾಣುತ್ತಿಲ್ಲ, ಒಂದೊಂದೇ ಸುಧಾರಣೆ ಮಾಡುತ್ತಾ ಹೋಗೋಣ ಅನ್ನುವುದು ಅವರ ವಾದ. ಅದೇ ಪಕ್ಷದ ಇಪ್ಪತ್ತೇಳರ ರೋಸಾ ಲಕ್ಸೆಂಬರ್ಗ್ ಅದನ್ನು ಜಾಡಿಸಿದರು. ರೋಸಾ ಸುಧಾರಣೆ ಬೇಡ ಅಂದರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗೆ ಅವರು ಹೇಳಲೇ ಇಲ್ಲ. ಸುಧಾರಣೆಯ ಹೋರಾಟ ದಾರಿ, ಸಮಾಜವನ್ನು ಬದಲಿಸುವುದು ಗುರಿ, ಗುರಿ ಬಿಟ್ಟರೆ ದಾರಿಯೂ ಬೇರೆ ಕಡೆ ಹೋಗುತ್ತದೆ ಎಂದರು. 1914ರ ಆಗಸ್ಟ್ 4ರಂದು ಆ ಪಕ್ಷದ ಸಂಸದರು ಮೊದಲನೇ ಮಹಾಯುದ್ಧಕ್ಕೆ ಸರ್ಕಾರ ಕೇಳಿದ ಸಾಲದ ಪರವಾಗಿ ವೋಟು ಹಾಕಿದಾಗ ಆ ಮಾತು ನಿಜವಾಯಿತು. ಕಟ್ಟಡ, ಪತ್ರಿಕೆ, ನಿಧಿ ಎಲ್ಲವೂ ಆ ಪಕ್ಷದ ಹತ್ತಿರ ಇದ್ದವು. ಕಳೆದುಕೊಳ್ಳಲು ತುಂಬಾ ಇತ್ತು, ಅದೇ ತೊಂದರೆ. ಇನ್ನೊಂದು ವಿಷಯ ಯಾಕೋ ಹೆಚ್ಚು ಜನ ಹೇಳುವುದಿಲ್ಲ. ಮುಂದೆ ಬರ್ನ್‌ಸ್ಟೈನ್ ಕೂಡ ಯುದ್ಧದ ವಿರುದ್ಧ ತಿರುಗಿಬಿದ್ದರು. 1917ರಲ್ಲಿ ಹುಟ್ಟಿದ ಹೊಸ ಪಕ್ಷದಲ್ಲಿ ಅವರೂ ಇದ್ದರು, ರೋಸಾ ಬಣವೂ ಇತ್ತು. ಸಿದ್ಧಾಂತದಲ್ಲಿ ಅಷ್ಟು ದೂರ ಇದ್ದವರು ಸರಿಯಾದ ಹೊತ್ತಿನಲ್ಲಿ ಒಂದೇ ಕಡೆ ನಿಂತರು.

ನನ್ನ ಅಳತೆಗೋಲಿಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಬಹಳ ಜನರ ಆರೋಗ್ಯ ವಿಮೆ ಕೆಲಸಕ್ಕೆ ಅಂಟಿಕೊಂಡಿದೆ. 2019ರಲ್ಲಿ ಜನರಲ್ ಮೋಟರ್ಸ್ ಕೆಲಸಗಾರರು ಮುಷ್ಕರ ಹೂಡಿದ ಒಂದೆರಡು ದಿನಕ್ಕೇ ಅವರ ವಿಮೆಗೆ ದುಡ್ಡು ಕಟ್ಟುವುದನ್ನು ನಿಲ್ಲಿಸುವುದಾಗಿ ಕಂಪನಿ ಹೇಳಿತು. ಜನ ಛೀಮಾರಿ ಹಾಕಿದ ಮೇಲೆ ಹಿಂದೆ ಸರಿಯಿತು. ಬ್ರಿಟನ್ನಿನ ಕಂಪನಿಯೊಂದು ಈ ಬೆದರಿಕೆ ಹಾಕಿದರೆ ಅದಕ್ಕೆ ಅಷ್ಟು ಬಲ ಇರುವುದಿಲ್ಲ. ಎಲ್ಲರಿಗೂ ಸೇರಿದ ಸರ್ಕಾರಿ ಆರೋಗ್ಯ ಸೇವೆ ಶುರುವಾದ 1948ರ ಜುಲೈ 5ರಿಂದ ಅಲ್ಲಿ ಕೆಲಸ ಇರಲಿ, ಬಿಡಲಿ, ಡಾಕ್ಟರ್ ಸಿಗುತ್ತಾರೆ. ಎಲ್ಲರಿಗೂ ಸಿಗುವ ಆಸ್ಪತ್ರೆ ಬರೀ ಕಾಯಿಲೆ ವಾಸಿ ಮಾಡುವುದಿಲ್ಲ, ಮಾಲೀಕನ ಎದುರು ನಿಂತವನ ಹೆದರಿಕೆಯನ್ನೂ ಅಷ್ಟು ಕಡಿಮೆ ಮಾಡುತ್ತದೆ. ಇಂಥ ಸುಧಾರಣೆಗೆ ನಾನು ಎರಡೂ ಕೈ ಎತ್ತುತ್ತೇನೆ. ಅರ್ಜಿ ಹಾಕಿ, ಬಡವನೆಂದು ಸಾಬೀತು ಮಾಡಿ, ಕೈ ಕಟ್ಟಿ ನಿಂತು ಪಡೆಯುವ ಸಹಾಯ ಬಂದಾಗಲೂ ಬೇಡ ಅನ್ನುವುದಿಲ್ಲ. ಹಸಿದವರಿಗೆ ಸಿದ್ಧಾಂತ ಹೇಳುವಷ್ಟು ದಪ್ಪ ಚರ್ಮ ನನಗಿಲ್ಲ. ಆದರೆ ಪಡೆದವರನ್ನು ಅದು ಒಬ್ಬೊಬ್ಬರನ್ನಾಗಿ ಬಿಡಿಸಿ ನಿಲ್ಲಿಸುತ್ತದೆ ಅನ್ನುವುದನ್ನು ಮರೆಯುವುದಿಲ್ಲ.

ಹೀಗೆ ಮೆಟ್ಟಿಲು ಹತ್ತುತ್ತಾ ಹೋದರೆ ಒಂದು ದಿನ ಸಮಾಜವಾದ ಬಂದುಬಿಡುತ್ತದಾ? ಇಲ್ಲಿ ಸ್ವೀಡನ್ ನನ್ನ ಉತ್ಸಾಹಕ್ಕೆ ತಣ್ಣೀರು ಎರಚುತ್ತದೆ. ಸುಧಾರಣೆಯಲ್ಲಿ ಅವರಷ್ಟು ದೂರ ಹೋದವರು ಕಡಿಮೆ. ಅಲ್ಲಿನ ಕಾರ್ಮಿಕ ಒಕ್ಕೂಟದ ಅರ್ಥಶಾಸ್ತ್ರಜ್ಞ ರುಡಾಲ್ಫ್ ಮೈಡ್ನರ್ ಒಂದು ಯೋಜನೆ ತಯಾರಿಸಿದರು. ದೊಡ್ಡ ಕಂಪನಿಗಳು ಪ್ರತಿ ವರ್ಷ ಲಾಭದ 20 ಶೇಕಡಾದಷ್ಟು ಬೆಲೆಯ ಹೊಸ ಷೇರುಗಳನ್ನು ಕಾರ್ಮಿಕರ ನಿಧಿಗೆ ಕೊಡಬೇಕು. ಯಾರ ಆಸ್ತಿಯನ್ನೂ ಒಂದೇ ದಿನ ಕಿತ್ತುಕೊಳ್ಳದೆ, ಕೆಲವು ದಶಕಗಳಲ್ಲಿ ಕಂಪನಿಗಳ ಮೇಲಿನ ಹಿಡಿತ ಕಾರ್ಮಿಕರ ಕೈಗೆ ಬರುತ್ತಿತ್ತು. 1976ರಲ್ಲಿ ಒಕ್ಕೂಟ ಒಪ್ಪಿತು. ಸಂಬಳ, ರಜೆ, ತೆರಿಗೆ ಎಲ್ಲದರಲ್ಲೂ ಹೊಂದಿಕೊಂಡು ಬಂದಿದ್ದ ಮಾಲೀಕರು ಇದಕ್ಕೆ ಮಾತ್ರ ಎದ್ದು ನಿಂತರು. 1983ರ ಅಕ್ಟೋಬರ್ 4ರಂದು ಸ್ಟಾಕ್‌ಹೋಮಿನ ಬೀದಿಗಳಲ್ಲಿ ಹತ್ತಾರು ಸಾವಿರ ಜನ ನಡೆದರು. ಕಾರ್ಮಿಕರ ಮೆರವಣಿಗೆ ಅಲ್ಲ, ಉದ್ಯಮಿಗಳ ಕಡೆಯವರದ್ದು! ಆ ಡಿಸೆಂಬರಿನಲ್ಲಿ ಕಾನೂನೇನೋ ಪಾಸಾಯಿತು, ಆದರೆ ನೀರು ನೀರಾಗಿ. ಸಂಸತ್ತಿನಲ್ಲಿ ಚರ್ಚೆ ನಡೆಯುತ್ತಿರುವಾಗ ಸಮಾಜವಾದಿ ಸರ್ಕಾರದ ಹಣಕಾಸು ಮಂತ್ರಿ ಶೆಲ್ ಉಲೋಫ್ ಫೆಲ್ಟ್ ಕೂತಲ್ಲೇ ಒಂದು ಪದ್ಯ ಗೀಚುತ್ತಿದ್ದರು. ಈ ನಿಧಿ ಅನ್ನುವುದು ದರಿದ್ರ, ಆದರೂ ಹೆಂಗೋ ದಬ್ಬಿಕೊಂಡು ಇಲ್ಲಿವರೆಗೂ ತಂದಿದ್ದೇವೆ ಅನ್ನುವ ಅರ್ಥದ್ದು. ಪತ್ರಿಕೆಯ ಫೋಟೋಗ್ರಾಫರ್ ಅದನ್ನು ಮೇಲಿನಿಂದ ಸೆರೆಹಿಡಿದ. ದಬ್ಬುವವರಿಗೇ ನಂಬಿಕೆ ಇಲ್ಲದ ಗಾಡಿ ಎಷ್ಟು ದೂರ ಹೋದೀತು? 1990ರ ದಶಕದ ಶುರುವಿನಲ್ಲಿ ಬೇರೆ ಸರ್ಕಾರ ಬಂದು ನಿಧಿಗಳನ್ನು ಮುಚ್ಚಿತು.

ಇದರಿಂದ ಕ್ರಾಂತಿವಾದಿ ಗೆಳೆಯರು "ನೋಡಿದ್ರಾ, ನಾವು ಹೇಳಲಿಲ್ವಾ" ಅನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಹಂಚಿಕೆಯ ಮಾತಾಡುವವರೆಗೆ ಚೌಕಾಸಿ ನಡೆಯುತ್ತದೆ. ಹಿಡಿತದ ಮಾತು ಬಂದ ಕ್ಷಣ ಬಾಗಿಲು ಹಾಕುತ್ತಾರೆ. ಆ ಬಾಗಿಲು ಬರೀ ವೋಟಿನಿಂದ ತೆರೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಮೈಡ್ನರ್ ಯೋಜನೆ ಬಾಗಿಲವರೆಗೆ ಹೋದದ್ದು ದಶಕಗಳ ಸುಧಾರಣೆ ಕಟ್ಟಿದ ಸಂಘಟನೆಯಿಂದ. ಅಲ್ಲಿ ಸೋತದ್ದು ಅದು ಸುಧಾರಣೆ ಅನ್ನುವ ಕಾರಣಕ್ಕಲ್ಲ. ಪರಿಣತರು ಮೇಲಿನಿಂದ ಬರೆದು ಕೊಟ್ಟ ಯೋಜನೆಯನ್ನು ನಮ್ಮದು ಅಂತ ಬೀದಿಗೆ ಇಳಿದು ಕಾಯುವ ಕೆಲಸಗಾರರು ಸಾಕಷ್ಟು ಇರಲಿಲ್ಲ ಅನ್ನುವುದು ನನ್ನ ಓದು.

ಪಾಳಿಯ ಕಥೆ ಅರ್ಧಕ್ಕೇ ನಿಂತಿದೆ. ನಾವು ಏಳೆಂಟು ಜನ ಸೇರಿ ಪಾಳಿ ಪಟ್ಟಿ ಎರಡು ವಾರ ಮುಂಚೆ ಕೊಡಿ ಅಂತ ಕೇಳಿದೆವು. ಅಷ್ಟೇ. ನಮ್ಮಲ್ಲೇ ಒಬ್ಬ "ಇಷ್ಟಕ್ಕೆ ಹೋರಾಟ ಅಂತೀರಾ?" ಅಂತ ನಕ್ಕ. ಆರು ತಿಂಗಳು ಹಿಡಿಯಿತು, ಸಿಕ್ಕಿತು. ಯಾರಿಗೆ ಯಾವತ್ತು ಬಿಡುವು ಅಂತ ಮೊದಲೇ ಗೊತ್ತಾಗುತ್ತಿದ್ದರಿಂದ ತಿಂಗಳಿಗೊಮ್ಮೆ ಎಲ್ಲರೂ ಸೇರುವುದು ಸಾಧ್ಯವಾಯಿತು. ಎರಡನೇ ಸಭೆಗೇ ಇಪ್ಪತ್ತಾರು ಜನ ಬಂದರು. ನಕ್ಕವನೂ ಬಂದಿದ್ದ. ಪಟ್ಟಿಯನ್ನು ಅವರೇ ಯಾಕೆ ಮಾಡಬೇಕು ಅಂತ ಮೊದಲು ಕೇಳಿದವನೂ ಅವನೇ. ನಾನು ಆ ಕೆಲಸ ಬಿಡುವ ಹೊತ್ತಿಗೆ, ಪಟ್ಟಿಯನ್ನು ನಾವೇ ಕೂತು ತಯಾರಿಸುತ್ತೇವೆ ಅನ್ನುವ ಪತ್ರ ಎರಡು ಸಲ ವಾಪಸ್ ಬಂದು, ಮೂರನೇ ಸಲ ಮೇಲಕ್ಕೆ ಹೋಗಿತ್ತು.